ಏಕಾದಶಿಯ ಸಬ್ಬಕ್ಕಿ, ಬೆಕ್ಕಿನ ಪೌಚು

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಗಂಡು ಬೆಕ್ಕಿದೆ, ಹೆಸರು ಗುಂಡ. ಸಂತಾನಹರಣ ಆಪರೇಷನ್ ಆಗಿದೆ, ಹೊರಗೆ ಹೋಗುವುದಿಲ್ಲ, ತೂಕ 5.4 ಕೆಜಿ. ನಾವು ಸಸ್ಯಾಹಾರಿಗಳು, ಮನೆಯಲ್ಲಿ ಮಾಂಸ ಬೇಯಿಸುವ ಹಾಗಿಲ್ಲ. ಅದಕ್ಕೇ ಡ್ರೈ ಫುಡ್ ಹಾಕುತ್ತೇವೆ. ಅತ್ತೆಯವರು ಜೊತೆಗೆ ಹಾಲನ್ನ ಕೊಡುತ್ತಾರೆ. ಎರಡು ತಿಂಗಳಿಂದ ಅದು ಕುತ್ತಿಗೆ ಕೆರೆದುಕೊಂಡು ಕೆರೆದುಕೊಂಡು ಕೂದಲು ಉದುರಿದೆ. ಪೆಟ್ ಶಾಪಿನವರು "ಬೆಕ್ಕಿಗೆ ಧಾನ್ಯ ಅಂದ್ರೆ ವಿಷ, ಅಲರ್ಜಿ ಅದರಿಂದಲೇ, ಗ್ರೇನ್ ಫ್ರೀ ವೆಟ್ ಫುಡ್ ಹಾಕಿ" ಅಂದರು. ಆ ವಿದೇಶಿ ಪೌಚು 85 ಗ್ರಾಮಿಗೆ 130 ರೂಪಾಯಿ. ಅದರಲ್ಲಿ ಪ್ರೊಟೀನ್ ಬರೀ 8% ಅಂತಿದೆ; ನಮ್ಮ ಡ್ರೈ ಫುಡ್‌ನಲ್ಲಿ 30% ಇದೆ. ಪಕ್ಕದಲ್ಲೇ 45 ರೂಪಾಯಿಯ ಮಾಮೂಲಿ ಪೌಚೂ ಇತ್ತು, ಅದರಲ್ಲಿ ಧಾನ್ಯ ಇದೆಯಂತೆ. ಮೂರರ ಲೇಬಲ್ಲಿನ ಫೋಟೊ ಕಳಿಸಿದ್ದೇನೆ. ಯಾವುದನ್ನು ತರಲಿ?
– ಓದುಗರು, ಮೈಸೂರು

ಉತ್ತರ: ಮೊದಲು ಕೆರೆತದ ವಿಷಯ ಮುಗಿಸಿಬಿಡೋಣ. ಯಾಕೆಂದರೆ ಅದಕ್ಕೂ ಧಾನ್ಯಕ್ಕೂ ಸಂಬಂಧ ಇರುವ ಸಾಧ್ಯತೆ ಕಡಿಮೆ, ಮತ್ತು ನೀವು ಪೌಚು ಬದಲಾಯಿಸುತ್ತ ಕೂತರೆ ಗುಂಡ ಇನ್ನೂ ಎರಡು ತಿಂಗಳು ಕೆರೆದುಕೊಳ್ಳುತ್ತಾನೆ.

ಹೇನು ತೆಗೆಯುವ ಸೀರಣಿಗೆ ಒಂದಿದ್ದರೆ ತೆಗೆದುಕೊಳ್ಳಿ. ಬೆನ್ನಿನ ಕೆಳಭಾಗ, ಬಾಲದ ಬುಡ, ಕುತ್ತಿಗೆಯ ಸುತ್ತ ಬಾಚಿ, ಸಿಕ್ಕಿದ ಕಸವನ್ನು ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಉದುರಿಸಿ. ಕರಿ ಚುಕ್ಕಿಗಳು ನೀರು ತಾಗಿ ಕೆಂಪುಗಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. "ನಮ್ಮ ಬೆಕ್ಕು ಹೊಸಿಲು ದಾಟೋದಿಲ್ಲ ಡಾಕ್ಟ್ರೇ" ಅಂತ ಎಲ್ಲರೂ ಹೇಳುತ್ತಾರೆ. ಬೆಕ್ಕು ದಾಟದಿರಬಹುದು, ನಿಮ್ಮ ಪ್ಯಾಂಟು, ಸೀರೆಯಂಚು ದಾಟುತ್ತದಲ್ಲ. ನಮ್ಮ ಹವೆಯಲ್ಲಿ ಚಿಗಟಕ್ಕೆ ಸುಗ್ಗಿ ಬೇರೆ, ಬರ ಬೇರೆ ಅಂತಿಲ್ಲ. ಮೈ ನೆಕ್ಕಿಕೊಳ್ಳುವಾಗ ಬೆಕ್ಕು ಚಿಗಟವನ್ನೂ ನುಂಗಿಬಿಡುವುದರಿಂದ ನಿಮ್ಮ ಕಣ್ಣಿಗೆ ಒಂದೂ ಬೀಳದಿರಬಹುದು. ಕಂಡರೂ ಕಾಣದಿದ್ದರೂ ಪಶುವೈದ್ಯರಿಂದ ಬೆಕ್ಕಿಗೆಂದೇ ಇರುವ ಔಷಧಿ ಬರೆಸಿಕೊಂಡು ಹಾಕಿಸಿ. ನಾಯಿಯ ಔಷಧಿ ಮನೆಯಲ್ಲಿದೆ, ಅರ್ಧ ಹಾಕಿದರಾಯಿತು ಅನ್ನುವ ಯೋಚನೆ ಮಾತ್ರ ಬೇಡ. ನಾಯಿಯ ಔಷಧಿಗಳಲ್ಲಿ ಕೆಲವಕ್ಕೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಸೇರಿರುತ್ತದೆ. ಅದು ಬೆಕ್ಕಿಗೆ ನಿಜವಾದ ವಿಷ, ಫಿಟ್ಸ್ ಬಂದು ಸಾಯಬಹುದು. ಅಂಗಡಿಯವರು ವಿಷ ಅನ್ನುವ ಮಾತನ್ನು ಧಾನ್ಯಕ್ಕೆ ಖರ್ಚು ಮಾಡಿದ್ದಾರೆ, ಇಲ್ಲಿಗೆ ಉಳಿಸಿಕೊಳ್ಳಬೇಕಿತ್ತು.

ಚಿಗಟ, ಹುಳುಕಡ್ಡಿ, ಕಿವಿಯ ನುಸಿ ಯಾವುದೂ ಅಲ್ಲ ಅಂತ ಆದಮೇಲೆ ಆಹಾರದ ಅಲರ್ಜಿಯ ಮಾತು. ಆಗಲೂ ಮೊದಲ ಸಂಶಯ ಧಾನ್ಯದ ಮೇಲೆ ಬೀಳುವುದಿಲ್ಲ. ಆಹಾರದ ಅಲರ್ಜಿ ಖಚಿತವಾಗಿದ್ದ 78 ಬೆಕ್ಕುಗಳ ವರದಿಗಳನ್ನು ಒಟ್ಟಿಗೆ ನೋಡಿ 2016ರಲ್ಲಿ ಒಂದು ಪರಿಶೀಲನೆ ಪ್ರಕಟವಾಯಿತು. ಅದರಲ್ಲಿ ದನದ ಮಾಂಸಕ್ಕೆ ಅಲರ್ಜಿ ಇದ್ದವು 18%, ಮೀನಿಗೆ 17%, ಕೋಳಿಗೆ 5%. ಗೋಧಿ, ಜೋಳ, ಹಾಲಿನ ಪದಾರ್ಥಗಳಿಗೆ ತಲಾ 4%. ಬೆಕ್ಕಿನ ಮೈ ಸಾಮಾನ್ಯವಾಗಿ ಸಿಟ್ಟಾಗುವುದು ಅದು ಬಹುಕಾಲ ತಿಂದ ಪ್ರಾಣಿಮೂಲದ ಪ್ರೊಟೀನಿನ ಮೇಲೆ. ನಿಮ್ಮ ಡ್ರೈ ಫುಡ್‌ನಲ್ಲಿ ಇರುವುದು ಕೋಳಿ. ಅಂಗಡಿಯವರು ತೋರಿಸಿದ ಗ್ರೇನ್ ಫ್ರೀ ಪೌಚಿನಲ್ಲಿ ಇರುವುದೂ ಕೋಳಿ. ಹಾಗಿರುವಾಗ ಬದಲಾಯಿಸಿ ಏನನ್ನು ಪರೀಕ್ಷೆ ಮಾಡಿದ ಹಾಗಾಯಿತು? ಅಲರ್ಜಿ ಪರೀಕ್ಷೆ ಮಾಡಲೇಬೇಕು ಅಂತಾದರೆ ಗುಂಡ ಇದುವರೆಗೆ ತಿನ್ನದ ಪ್ರಾಣಿಯ ಪ್ರೊಟೀನ್, ಇಲ್ಲವೇ ಹೈಡ್ರೊಲೈಸ್ಡ್ ಪ್ರೊಟೀನ್ (ಮೈಗೆ ಗುರುತು ಸಿಗದಷ್ಟು ಸಣ್ಣ ಚೂರುಗಳಾಗಿ ಒಡೆದ ಪ್ರೊಟೀನ್) ಇರುವ ವೈದ್ಯಕೀಯ ಆಹಾರವನ್ನಷ್ಟೇ ಎಂಟು ವಾರ ಕೊಡಬೇಕು, ನಡುವೆ ಒಂದು ಚಮಚ ಹಾಲೂ ಇಲ್ಲದೆ. ಅತ್ತೆಯವರನ್ನು ಒಪ್ಪಿಸುವುದೇ ಅದರಲ್ಲಿ ಕಷ್ಟದ ಭಾಗ.

ಇನ್ನು ಧಾನ್ಯ.

ಅಂಗಡಿಯವರ ಮಾತಿನಲ್ಲಿ ಒಂದು ಚೂರು ನಿಜ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಬೆಕ್ಕು ಹುಟ್ಟಾ ಮಾಂಸಾಹಾರಿ. ಅದರ ಜೊಲ್ಲಿನಲ್ಲಿ ಪಿಷ್ಟ ಒಡೆಯುವ ಅಮೈಲೇಸ್ ಇಲ್ಲ, ಮೇದೋಜೀರಕದಲ್ಲೂ ಕಡಿಮೆ. ನಾಲಿಗೆಗೆ ಸಿಹಿಯೇ ಗೊತ್ತಾಗುವುದಿಲ್ಲ. ಸಿಹಿ ಗುರುತಿಸುವ ಗ್ರಾಹಕದ ಒಂದು ಜೀನ್ ಬೆಕ್ಕಿನಲ್ಲಿ ಕೆಟ್ಟು ಕೂತಿದೆ. ಗಜ್ಜರಿಯ ಬೀಟಾ ಕ್ಯಾರೊಟಿನ್‌ನಿಂದ ನಾವು ಎ ವಿಟಮಿನ್ ಮಾಡಿಕೊಳ್ಳುತ್ತೇವೆ, ಬೆಕ್ಕಿಗೆ ಬರುವುದಿಲ್ಲ, ಅದಕ್ಕೆ ಸಿದ್ಧ ವಿಟಮಿನ್ನೇ ಬೇಕು. ಅರಾಕಿಡೋನಿಕ್ ಆಮ್ಲ ಅನ್ನುವ ಕೊಬ್ಬಿನಂಶ, ಟಾರಿನ್ ಅನ್ನುವ ಅಮೈನೊ ಆಮ್ಲ, ಸಾಕಷ್ಟು ನಿಯಾಸಿನ್ ಅನ್ನುವ ಬಿ ವಿಟಮಿನ್, ಇವೆಲ್ಲ ಪ್ರಾಣಿಯ ಮೈಯಿಂದಲೇ ಅದಕ್ಕೆ ಸಹಜವಾಗಿ ದಕ್ಕಬೇಕು. ಅರ್ಜಿನಿನ್ ಅನ್ನುವ ಒಂದು ಅಮೈನೊ ಆಮ್ಲ ಪೂರ್ತಿ ಇಲ್ಲದ ಊಟ ಒಂದೇ ಹೊತ್ತು ಮಾಡಿದರೂ ಕೆಲವೇ ಗಂಟೆಗಳಲ್ಲಿ ಬೆಕ್ಕಿನ ರಕ್ತದಲ್ಲಿ ಅಮೋನಿಯ ಏರಿಬಿಡುತ್ತದೆ. ಇಷ್ಟು ಪರಾವಲಂಬಿ ಪ್ರಾಣಿ ಅದು.

ಹಾಗಂತ ಅನ್ನ ವಿಷವಾಗುವುದಿಲ್ಲ. ಚೆನ್ನಾಗಿ ಬೇಯಿಸಿದ ಪಿಷ್ಟವನ್ನು ಬೆಕ್ಕು ಅರಗಿಸಿಕೊಳ್ಳುತ್ತದೆ. ಅದಕ್ಕೆ ಅನ್ನದ ಅಗತ್ಯ ಇಲ್ಲ ಅನ್ನುವುದು ಒಂದು ಮಾತು, ಅನ್ನ ತಿಂದರೆ ಕೆಡುತ್ತದೆ ಅನ್ನುವುದು ಬೇರೆಯೇ ಮಾತು. ತೊಂದರೆ ಇರುವುದು ಪ್ರಮಾಣದಲ್ಲಿ, ಮತ್ತು ಅನ್ನ ಯಾವುದರ ಜಾಗ ಕಿತ್ತುಕೊಂಡಿದೆ ಅನ್ನುವುದರಲ್ಲಿ.

ಅತ್ತೆಯವರು ಖಂಡಿತ ಕೇಳುತ್ತಾರೆ: "ನಮ್ಮ ಊರಿನ ಮನೆಯಲ್ಲಿ ಬೆಕ್ಕುಗಳು ಹಾಲನ್ನ ತಿಂದೇ ಹತ್ತು ವರ್ಷ ಬದುಕಲಿಲ್ಲವೇ?" ಬದುಕಿದವು. ಆದರೆ ಹಾಲನ್ನ ಅವುಗಳ ಊಟವಾಗಿರಲಿಲ್ಲ, ಅದು ನಮ್ಮ ಸಮಾಧಾನಕ್ಕೆ ನಡೆಯುತ್ತಿದ್ದ ನೈವೇದ್ಯ. ಊಟ ನಡೆಯುತ್ತಿದ್ದದ್ದು ಅಟ್ಟದಲ್ಲಿ, ಕಣಜದ ಹಿಂದೆ, ಕೊಟ್ಟಿಗೆಯಲ್ಲಿ. ಇಲಿ, ಹಲ್ಲಿ, ಗುಬ್ಬಿಮರಿ, ಜಿರಲೆ. ತೆನಾಲಿ ರಾಮಕೃಷ್ಣನ ಕಥೆಯಲ್ಲಿ ಕೃಷ್ಣದೇವರಾಯ ಇಲಿ ಕಾಟಕ್ಕೆಂದು ಮನೆಮನೆಗೆ ಬೆಕ್ಕು ಕೊಟ್ಟು, ಬೆಕ್ಕಿಗೆ ಹಾಲು ಬೇಕೆಂದು ಹಸುವನ್ನೂ ಕೊಡುತ್ತಾನಲ್ಲ, ಆ ಕಥೆ ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಇಲಿ ತಿನ್ನಲೆಂದು ತಂದ ಪ್ರಾಣಿಗೆ ಹೊಟ್ಟೆ ತುಂಬ ಹಾಲೆರೆದರೆ ಇಲಿಗಳಿಗೆ ತಾನೆ ಲಾಭ! ಮೂರನೇ ಮಹಡಿಯ ಫ್ಲ್ಯಾಟಿನ ಗುಂಡನಿಗೆ ಅಟ್ಟವೂ ಇಲ್ಲ, ಕಣಜವೂ ಇಲ್ಲ. ಅವನಿಗೆ ತಟ್ಟೆಯಲ್ಲಿ ಬಿದ್ದದ್ದೇ ಸರ್ವಸ್ವ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗುವುದಿಲ್ಲ ಕೂಡ. ಅತ್ತೆಯವರ ಮನಸ್ಸಿಗೆ ನೋವಾಗುವ ಹಾಗಿದ್ದರೆ ವಾರಕ್ಕೊಮ್ಮೆ ಎರಡು ಚಮಚ ಬಿಡಲಿ, ಅಷ್ಟರಿಂದ ಏನೂ ಆಗದು. ಅನ್ನಕ್ಕೆ ಸಾರು ಕಲಸಿ ಮಾತ್ರ ಹಾಕಬಾರದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ.

ಈಗ ನೀವು ಕಳಿಸಿದ ಫೋಟೊಗಳಿಗೆ ಬರೋಣ. 130 ರೂಪಾಯಿಯ ಪೌಚಿನ ಹಿಂಬದಿ ಓದಿದೆ. ಕೋಳಿ, ಕೋಳಿಯ ಸಾರು, ಬಟಾಣಿ, ಆಲೂಗೆಡ್ಡೆ ಪಿಷ್ಟ, ಟಪಿಯೋಕ ಪಿಷ್ಟ, ಗೋರಿಕಾಯಿ ಜಾತಿಯ ಬೀಜದಿಂದ ಬರುವ ಗೌರ್ ಗಮ್, ಆಮೇಲೆ ವಿಟಮಿನ್ನುಗಳು. ಧಾನ್ಯ ಇಲ್ಲ, ಸರಿ. ಟಪಿಯೋಕ ಅಂದರೆ ಮರಗೆಣಸು. ನಮ್ಮ ಸಬ್ಬಕ್ಕಿ ಆಗುವುದೂ ಅದರಿಂದಲೇ. ಏಕಾದಶಿ ದಿನ ನಾವು ಅನ್ನ ಬಿಟ್ಟು ಸಬ್ಬಕ್ಕಿ ಉಪ್ಪಿಟ್ಟು, ಆಲೂಗೆಡ್ಡೆ ಪಲ್ಯ ಹೊಟ್ಟೆ ಬಿರಿಯ ತಿನ್ನುವುದಿಲ್ಲವೇ? ವ್ರತ ಮುರಿಯಲಿಲ್ಲ, ಪಿಷ್ಟವೂ ಕಡಿಮೆಯಾಗಲಿಲ್ಲ. ಗ್ರೇನ್ ಫ್ರೀ ಪೌಚುಗಳಲ್ಲಿ ಎಷ್ಟೋ ಈ ಫಲಾಹಾರದ ಜಾತಿಯವು. ಗ್ರೇವಿ ಗಟ್ಟಿಯಾಗಲು ಏನಾದರೂ ಬೇಕೇ ಬೇಕು. ಜೋಳದ ಹಿಟ್ಟು ಹಾಕದಿದ್ದರೆ ಆಲೂಗೆಡ್ಡೆಯದನ್ನು ಹಾಕುತ್ತಾರೆ.

ಎಷ್ಟು ಪಿಷ್ಟ ಅನ್ನುವುದನ್ನು ಲೇಬಲ್ ನೇರವಾಗಿ ಬರೆಯುವುದಿಲ್ಲ, ಲೆಕ್ಕ ಹಾಕಿ ತೆಗೆಯಬೇಕು. ತೇವಾಂಶ, ಪ್ರೊಟೀನ್, ಕೊಬ್ಬು, ನಾರು, ಬೂದಿ, ಈ ಐದನ್ನೂ ಕೂಡಿಸಿ 100ರಿಂದ ಕಳೆದರೆ ಉಳಿದದ್ದು ಹೆಚ್ಚುಕಡಿಮೆ ಪಿಷ್ಟ. ಬೂದಿ ಅಂದರೆ ಖನಿಜಗಳು, ಗಾಬರಿಯಾಗಬೇಡಿ. ವೆಟ್ ಫುಡ್ ಲೇಬಲ್ಲಿನಲ್ಲಿ ಬೂದಿ ಬರೆದಿರದಿದ್ದರೆ 2 ಅಂತ ಹಿಡಿಯಿರಿ. ಆಮೇಲೆ ನೀರನ್ನು ಪಕ್ಕಕ್ಕಿಟ್ಟು ಒಣ ಅಂಶದಲ್ಲಿ ಹೋಲಿಸಬೇಕು. ನೀರು ಬೆರೆಸಿದ ಹಾಲನ್ನೂ ಹಾಲಿನ ಪುಡಿಯನ್ನೂ ಚಮಚದಲ್ಲಿ ಅಳೆದು ಹೋಲಿಸಿದರೆ ಆಗುವ ತಪ್ಪೇ ನಿಮ್ಮ 8% ಮತ್ತು 30% ಹೋಲಿಕೆಯಲ್ಲೂ ಆಗಿದೆ.

ವಿದೇಶಿ ಪೌಚಿನಲ್ಲಿ ನೀರು 82, ಪ್ರೊಟೀನ್ 8, ಕೊಬ್ಬು 3, ನಾರು 1, ಬೂದಿ 2. ಕಳೆದರೆ ಪಿಷ್ಟ 4. ನೀರು ಬಿಟ್ಟು ಉಳಿದದ್ದು 18 ಪಾಲು. ಅದರಲ್ಲಿ ಪ್ರೊಟೀನ್ 44%, ಪಿಷ್ಟ 22%. ನಿಮ್ಮ ಡ್ರೈ ಫುಡ್‌ನಲ್ಲಿ ನೀರು 10, ಪ್ರೊಟೀನ್ 30, ಕೊಬ್ಬು 10, ನಾರು 4, ಬೂದಿ 9. ಪಿಷ್ಟ 37. ಒಣ ಲೆಕ್ಕದಲ್ಲಿ ಪ್ರೊಟೀನ್ 33%, ಪಿಷ್ಟ 41%. ಅಂದರೆ ನೀವು ಕಡಿಮೆ ಅಂದುಕೊಂಡ ಪೌಚಿನಲ್ಲೇ ಪ್ರೊಟೀನ್ ಹೆಚ್ಚು. ಈಗ 45 ರೂಪಾಯಿಯದ್ದು: ನೀರು 80, ಪ್ರೊಟೀನ್ 10, ಕೊಬ್ಬು 5, ನಾರು 1, ಬೂದಿ 2. ಪಿಷ್ಟ ಬರೀ 2. ಒಣ ಲೆಕ್ಕದಲ್ಲಿ ಪ್ರೊಟೀನ್ 50%, ಪಿಷ್ಟ 10%. ಧಾನ್ಯ ಇರುವ ಪೌಚಿನಲ್ಲಿ, ಧಾನ್ಯ ಇಲ್ಲದ ಪೌಚಿನ ಅರ್ಧದಷ್ಟೂ ಪಿಷ್ಟ ಇಲ್ಲ!

ಹೀಗೇಕೆ ಅಂದರೆ 45 ರೂಪಾಯಿಯದ್ದು ಲೋಫ್, ಅಂದರೆ ಮಾಂಸವನ್ನು ನುಣ್ಣಗೆ ಅರೆದು ಅಚ್ಚಿನಲ್ಲಿ ಗಟ್ಟಿ ಮಾಡಿದ್ದು. ಪ್ಯಾಟೆ ಅಂತಲೂ ಕರೆಯುತ್ತಾರೆ. ಆ ದುಬಾರಿಯದ್ದು ಗ್ರೇವಿಯ ಪೌಚು. ಸಾಮಾನ್ಯವಾಗಿ ಲೋಫಿನಲ್ಲಿ ಪಿಷ್ಟ ಕಡಿಮೆ, ಗ್ರೇವಿಯಲ್ಲಿ ಹೆಚ್ಚು. ಗ್ರೇವಿಯಲ್ಲಿ ತೇಲುವ ಮಾಂಸದ ತುಂಡುಗಳು ಕೂಡ ಬಹಳ ಸಲ ಕತ್ತರಿಸಿದ ಮಾಂಸವಲ್ಲ. ಅರೆದ ಮಾಂಸಕ್ಕೆ ಅಂಟು ಬರಲೆಂದು ಗೋಧಿಯ ಗ್ಲುಟೆನ್ ಸೇರಿಸಿ, ಹಬೆಯಲ್ಲಿ ಬೇಯಿಸಿ, ತುಂಡು ಮಾಡಿದ್ದು. ಗ್ಲುಟೆನ್ ಪಿಷ್ಟವಲ್ಲ, ಪ್ರೊಟೀನ್. ಹಾಗಾಗಿ ಅದು ಕೂತರೆ ಪ್ರೊಟೀನ್ ಅಂಕಿ ಏರುತ್ತದೆ, ಆದರೆ ಅಷ್ಟೂ ಮಾಂಸದ್ದಲ್ಲ. ಧಾನ್ಯ ಬೇಡ ಅನ್ನುವವರ ವಾದದಲ್ಲಿ ನಾನು ಒಪ್ಪುವುದು ಇದೊಂದನ್ನು. ಪದಾರ್ಥಗಳ ಪಟ್ಟಿಯ ಮೇಲ್ಭಾಗದಲ್ಲೇ ಗೋಧಿ ಗ್ಲುಟೆನ್ ಅಥವಾ ಬಟಾಣಿ ಪ್ರೊಟೀನ್ ಕಂಡರೆ ನಾನು ಆ ಪೌಚನ್ನು ವಾಪಸ್ ಇಡುತ್ತೇನೆ. ನಿಮ್ಮ 45 ರೂಪಾಯಿಯದ್ದರಲ್ಲಿ ಮೊದಲು ಕೋಳಿ, ಆಮೇಲೆ ಲಿವರ್, ಆಮೇಲೆ ಟ್ಯೂನಾ, ಅದಾದ ಮೇಲೆ ಸ್ವಲ್ಪ ಅಕ್ಕಿ. ಚೆನ್ನಾಗಿದೆ. ಲಿವರ್, ಹೃದಯ, ಶ್ವಾಸಕೋಶ ಅಂತ ಕಂಡರೆ "ಛೀ, ಉಳಿಕೆ ಪದಾರ್ಥ" ಅನ್ನಬೇಡಿ. ಇಲಿ ಹಿಡಿದ ಬೆಕ್ಕು ಎದೆಮಾಂಸ ಮಾತ್ರ ಆರಿಸಿ ತಿನ್ನುವುದಿಲ್ಲ. ಹೃದಯದಲ್ಲಂತೂ ಟಾರಿನ್ ತುಂಬಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಇನ್ನೂ ಹೇಳಿಲ್ಲ. ಪೌಚಿನ ಹಿಂಬದಿ ಇರುವೆ ಗಾತ್ರದ ಅಕ್ಷರದಲ್ಲಿ 'ಕಂಪ್ಲೀಟ್' ಅಂತ ಇದೆಯೋ 'ಕಾಂಪ್ಲಿಮೆಂಟರಿ' ಅಂತ ಇದೆಯೋ ನೋಡಿ. ಎರಡೂ ಒಂದೇ ಥರ ಕೇಳಿಸುತ್ತವೆ, ಅರ್ಥ ಮಾತ್ರ ಊಟಕ್ಕೂ ಉಪ್ಪಿನಕಾಯಿಗೂ ಇರುವಷ್ಟು ದೂರ. ಕಂಪ್ಲೀಟ್ ಅಂದರೆ ಅದೊಂದನ್ನೇ ದಿನವೂ ಹಾಕಿ ಸಾಕಬಹುದು. ಕಾಂಪ್ಲಿಮೆಂಟರಿ ಅಂದರೆ ಆಗೊಮ್ಮೆ ಈಗೊಮ್ಮೆ ಪಕ್ಕದಲ್ಲಿ ಕೊಡುವಂಥದ್ದು. ಅಮೆರಿಕದ ಪೊಟ್ಟಣಗಳಲ್ಲಾದರೆ 'ಇಂಟರ್ಮಿಟೆಂಟ್ ಆರ್ ಸಪ್ಲಿಮೆಂಟಲ್ ಫೀಡಿಂಗ್' ಅಂತ ಬರೆದಿರುತ್ತಾರೆ. ನೋಡಲು ಅತಿ ಚೆಂದ ಇರುವ, ಟ್ಯೂನಾ ಎಳೆಗಳು ತಿಳಿಸಾರಿನಲ್ಲಿ ಎದ್ದು ಕಾಣುವ, ಧಾನ್ಯದ ಸುಳಿವೂ ಇಲ್ಲದ ಪೌಚುಗಳಲ್ಲಿ ಅನೇಕವು ಈ ಎರಡನೇ ಜಾತಿಯವು. ನಮ್ಮಲ್ಲಿ ಸಿಗುವ ಪೌಚುಗಳಲ್ಲಿ ಬಹಳಷ್ಟು ಥಾಯ್ಲೆಂಡ್‌ನಿಂದ ಬರುತ್ತವೆ. ಆಮದು ಮಾಡಿದವರು ಬೆಲೆಯ ಸ್ಟಿಕ್ಕರನ್ನು ಒಮ್ಮೊಮ್ಮೆ ಸರಿಯಾಗಿ ಈ ಸಾಲಿನ ಮೇಲೆಯೇ ಅಂಟಿಸಿರುತ್ತಾರೆ. ಅಂಗಡಿಯಲ್ಲೇ ಉಗುರಿನಿಂದ ಕೆರೆದು ನೋಡಿ, ಸಂಕೋಚ ಬೇಡ. ನೀವು ಕಳಿಸಿದ ಎರಡೂ ಪೌಚುಗಳಲ್ಲಿ ಬೆಳೆದ ಬೆಕ್ಕಿಗೆ ಕಂಪ್ಲೀಟ್ ಅಂತಲೇ ಇದೆ. ಮರಿ ಸಾಕುವವರು 'ಗ್ರೋತ್' ಅಥವಾ 'ಆಲ್ ಲೈಫ್ ಸ್ಟೇಜಸ್' ಅನ್ನುವುದನ್ನು ನೋಡಬೇಕು.

ಈ ಒಂದು ಪದಕ್ಕೆ ಯಾಕಿಷ್ಟು ಮಹತ್ವ ಅಂದರೆ ಟಾರಿನ್. 1975ರಲ್ಲಿ, ಟಾರಿನ್ ಸಿಗದ ಬೆಕ್ಕುಗಳ ಅಕ್ಷಿಪಟ ನಶಿಸುತ್ತದೆ ಅಂತ ಗೊತ್ತಾಯಿತು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಾಲ್ ಪಯಾನ್ ಮತ್ತು ಸಂಗಡಿಗರು, ಹೃದಯದ ಸ್ನಾಯು ಹಿಗ್ಗಿ ಸೋತುಹೋಗುವ ಕಾಯಿಲೆಗೂ ಟಾರಿನ್ ಕೊರತೆಗೂ ಇರುವ ನಂಟನ್ನು ತೋರಿಸಿಕೊಟ್ಟರು. ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಅಂಗಡಿಯ ಆಹಾರವನ್ನೇ. ಟಾರಿನ್ ಕೊಟ್ಟಾಗ ಹೃದಯ ಸುಧಾರಿಸಿತು. ಕಣ್ಣು ಹೋದರೆ ಮಾತ್ರ ಹೋದದ್ದೇ. ಡಬ್ಬಿಯಲ್ಲಿ ಹೆಚ್ಚು ಕಾವಿಗೆ ಬೇಯಿಸಿದ ಆಹಾರದಿಂದ ಮೈಗೆ ದಕ್ಕುವ ಟಾರಿನ್ ಕಡಿಮೆ. ಅದಕ್ಕೇ ಪ್ರಾಣಿಗಳ ಆಹಾರಕ್ಕೆ ಮಾನದಂಡ ರೂಪಿಸುವ ಅಮೆರಿಕದ ಆಫ್ಕೊ ಸಂಘದ ಲೆಕ್ಕದಲ್ಲಿ ಒಣ ಲೆಕ್ಕಕ್ಕೆ ಡ್ರೈ ಫುಡ್‌ನಲ್ಲಿ ಕನಿಷ್ಠ 0.1% ಟಾರಿನ್ ಇದ್ದರೆ ಸಾಕು, ವೆಟ್ ಫುಡ್‌ನಲ್ಲಿ 0.2% ಇರಬೇಕು. ಬರೀ ಮೊಸರನ್ನದಲ್ಲೇ ಬೆಳೆದ ಬೆಕ್ಕನ್ನು ಒಬ್ಬ ಹಿರಿಯರು ನನ್ನ ಹತ್ತಿರ ತಂದಿದ್ದರು. "ಇತ್ತೀಚೆಗೆ ಗೋಡೆಗೆ ಢಿಕ್ಕಿ ಹೊಡೆಯುತ್ತೆ" ಅಂದರು. ಟಾರ್ಚ್ ಬಿಟ್ಟು ನೋಡಿದರೆ ಕಣ್ಣಿನ ಪಾಪೆ ದೊಡ್ಡದಾಗಿಯೇ ನಿಂತಿತ್ತು. ಅವರು ಪ್ರೀತಿಯಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡಿರಲಿಲ್ಲ. ಬೀದಿ ಬೆಕ್ಕುಗಳಿಗೆ ಅಗ್ಗವೆಂದು ನಾಯಿಯ ಆಹಾರ ಹಾಕುವವರಿಗೂ ಈ ಮಾತು ಸೇರುತ್ತದೆ. ನಾಯಿ ತನಗೆ ಬೇಕಾದ ಟಾರಿನ್ ತಾನೇ ಮಾಡಿಕೊಳ್ಳುವುದರಿಂದ ಅದರ ಆಹಾರ ಬೆಕ್ಕಿನ ಅಗತ್ಯಕ್ಕೆ ಲೆಕ್ಕ ಹಾಕಿದ್ದಲ್ಲ.

ಟಾರಿನ್ ಮಾತು ಬಂತಲ್ಲ, ಗ್ರೇನ್ ಫ್ರೀ ಬಗ್ಗೆ ಎದುರು ದಿಕ್ಕಿನ ಹೆದರಿಕೆಯೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ. 2018ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬಟಾಣಿ, ಮಸೂರ ಮುಂತಾದ ಬೇಳೆಕಾಳು ಹೆಚ್ಚಿರುವ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧ ಇದೆಯೇ ಅಂತ ತನಿಖೆ ಶುರುಮಾಡಿತು. 2019ರ ವರದಿಯಲ್ಲಿ ಹೆಸರಿಸಿದ ಆಹಾರಗಳಲ್ಲಿ 90%ಕ್ಕೂ ಹೆಚ್ಚು ಗ್ರೇನ್ ಫ್ರೀ ಆಗಿದ್ದವು. ಬಂದ ದೂರುಗಳಲ್ಲಿ 515 ನಾಯಿಗಳದ್ದು, ಬೆಕ್ಕಿನದ್ದು ಒಂಬತ್ತೇ. ಕಾರಣ ಇದೇ ಅಂತ ಸಾಬೀತಾಗಲಿಲ್ಲ. 2022ರ ಡಿಸೆಂಬರಿನಲ್ಲಿ, ಹೊಸ ವೈಜ್ಞಾನಿಕ ಮಾಹಿತಿ ಸಿಗುವ ತನಕ ಈ ಬಗ್ಗೆ ಮತ್ತೆ ಪ್ರಕಟಣೆ ಕೊಡುವುದಿಲ್ಲ ಎಂದು ಎಫ್‌ಡಿಎ ಹೇಳಿತು. ಹಾಗಾಗಿ ಗ್ರೇನ್ ಫ್ರೀ ತಿಂದರೆ ಗುಂಡನ ಹೃದಯ ಕೆಡುತ್ತದೆ ಅಂತ ನಾನು ಹೆದರಿಸುವುದಿಲ್ಲ. ಧಾನ್ಯ ತೆಗೆದು ಬೇಳೆ ತುಂಬಿದ್ದಕ್ಕೆ ಮೂರು ಪಟ್ಟು ದುಡ್ಡು ಯಾಕೆ ಅಂತ ಮಾತ್ರ ಕೇಳುತ್ತೇನೆ. ಆ ಹೆಸರಿಗೆ ಬೆಲೆ ಬಂದದ್ದಕ್ಕೆ 2007ರ ಘಟನೆಯೂ ಸ್ವಲ್ಪ ಕಾರಣ ಇರಬೇಕು ಅನ್ನಿಸುತ್ತದೆ. ಆಗ ಚೀನಾದಿಂದ ಬಂದ ಗೋಧಿ ಗ್ಲುಟೆನ್‌ನಲ್ಲಿ ಮೆಲಮೈನ್ ಅನ್ನುವ ಕೈಗಾರಿಕಾ ರಾಸಾಯನಿಕ ಕಲಬೆರಕೆಯಾಗಿ ಉತ್ತರ ಅಮೆರಿಕದಲ್ಲಿ ನಾಯಿ ಬೆಕ್ಕುಗಳ ಮೂತ್ರಪಿಂಡ ಕೆಟ್ಟು ಸತ್ತವು. ತಪ್ಪು ಕಲಬೆರಕೆಯದ್ದು, ಕೆಟ್ಟ ಹೆಸರು ಗೋಧಿಗೆ.

ಸರಿ, ಧಾನ್ಯ ಬಿಡಿ. ವೆಟ್ ಫುಡ್ ಕೊಡಿ ಅಂತ ಅಂಗಡಿಯವರು ಹೇಳಿದ್ದು ಮಾತ್ರ ಒಳ್ಳೆಯ ಸಲಹೆ, ಅವರು ಕೊಟ್ಟ ಕಾರಣ ತಪ್ಪಾದರೂ. ಬೆಕ್ಕಿನ ಪೂರ್ವಜರು ಮರುಭೂಮಿಯ ಕಾಡುಬೆಕ್ಕುಗಳು. ನೀರನ್ನು ಬೇಟೆಯ ಮೈಯಿಂದಲೇ ಪಡೆದು ಬದುಕಿದ ಕುಲ. ಬಾಯಾರಿಕೆ ಅನ್ನುವುದು ಅವಕ್ಕೆ ತಡವಾಗಿ, ಮಂದವಾಗಿ ಆಗುತ್ತದೆ. ಬರೀ ಡ್ರೈ ಫುಡ್ ತಿನ್ನುವ ಬೆಕ್ಕು ಬಟ್ಟಲಿನ ನೀರು ಹೆಚ್ಚು ಕುಡಿಯುತ್ತದೆ ನಿಜ, ಆದರೂ ಒಟ್ಟು ನೀರಿನ ಲೆಕ್ಕದಲ್ಲಿ ವೆಟ್ ಫುಡ್ ತಿನ್ನುವ ಬೆಕ್ಕಿಗಿಂತ ಹಿಂದೆಯೇ ಉಳಿಯುತ್ತದೆ. ಮೂತ್ರ ಗಟ್ಟಿಯಾದರೆ ಹರಳು, ಕಲ್ಲು. ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಣ್ಣದು. ನಿಮ್ಮ ಗುಂಡ ಗಂಡು, ಮನೆಯೊಳಗೇ ಇರುವವನು, ತೂಕ ಹೆಚ್ಚು, ಡ್ರೈ ಫುಡ್ ತಿನ್ನುವವನು. ಮೂತ್ರ ಕಟ್ಟಿ ನನ್ನ ಟೇಬಲ್ಲಿಗೆ ಬರುವ ಬೆಕ್ಕುಗಳ ಜಾತಕ ಹೀಗೇ ಇರುತ್ತದೆ. ಅದಕ್ಕೇ ನನ್ನ ದೃಷ್ಟಿಯಲ್ಲಿ ಪೌಚಿನ ಅತಿ ಬೆಲೆಬಾಳುವ ಪದಾರ್ಥ ಅದರ 80% ನೀರು. ಅದಕ್ಕೇನಾ ದುಡ್ಡು ಕೊಡೋದು ಅಂತ ಮೂಗು ಮುರಿಯುವವರಿಗೆ ನಾನು ಹೇಳುವುದು, ಹೌದು, ಅದಕ್ಕೇ.

ಎಷ್ಟು ಹಾಕಬೇಕು? ಗುಂಡನ ತಕ್ಕ ತೂಕ 4.5 ಕೆಜಿ ಅಂತ ಹಿಡಿಯೋಣ. ನಿಧಾನಕ್ಕೆ ಇಳಿಯಲು ದಿನಕ್ಕೆ 200ರಿಂದ 220 ಕ್ಯಾಲರಿ ಸಾಕು. 45 ರೂಪಾಯಿಯ ಪೌಚು ಒಂದರಲ್ಲಿ ಸುಮಾರು 72 ಕ್ಯಾಲರಿ. ಬರೀ ಅದನ್ನೇ ಹಾಕಿದರೆ ದಿನಕ್ಕೆ ಮೂರು, 135 ರೂಪಾಯಿ. ವಿದೇಶಿ ಪೌಚಿನಲ್ಲಿ 57 ಕ್ಯಾಲರಿಯಷ್ಟೇ. ನಾಲ್ಕು ಬೇಕು, 520 ರೂಪಾಯಿ. ತಿಂಗಳಿಗೆ ಗುಣಿಸಿದರೆ ಅದು 15,600. ನನ್ನ ಸಲಹೆ ಎರಡೂ ಅಲ್ಲ. ಬೆಳಗ್ಗೆ ಒಂದು ಪೌಚು, ರಾತ್ರಿ ಒಂದು, ನಡುವೆ ಈಗಿರುವ ಡ್ರೈ ಫುಡ್ 20 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕಿ, ಹಿಡಿ ಲೆಕ್ಕದಲ್ಲಿ ಬೇಡ. ಒಟ್ಟು 208 ಕ್ಯಾಲರಿ. ಎರಡು ಪೌಚಿನಿಂದ ಹೊಟ್ಟೆಗೆ ಸೇರುವ ನೀರೇ ಸುಮಾರು 136 ಮಿಲಿ. ಇಷ್ಟು ತೂಕದ ಬೆಕ್ಕಿಗೆ ದಿನಕ್ಕೆ ಬೇಕಾಗುವುದು 200 ಮಿಲಿ ಚಿಲ್ಲರೆ, ಅರ್ಧಕ್ಕಿಂತ ಹೆಚ್ಚು ಊಟದಲ್ಲೇ ಬಂತು. ಡ್ರೈ ಫುಡ್ ಹಲ್ಲು ಉಜ್ಜುತ್ತದೆ ಅನ್ನುವ ನಂಬಿಕೆ ಇದ್ದರೆ ಬಿಡಿ, ಬಿಸ್ಕತ್ತು ತಿಂದು ನಮ್ಮ ಹಲ್ಲು ಸ್ವಚ್ಛವಾದ ಹಾಗೆ ಅದು.

ಒಂದೇ ಸಲ ಬದಲಾಯಿಸಬೇಡಿ. ಎಂಟು ಹತ್ತು ದಿನ ತೆಗೆದುಕೊಳ್ಳಿ, ಮೊದಲು ಒಂದು ಚಮಚ. ಡ್ರೈ ಫುಡ್‌ಗೆ ಒಗ್ಗಿದ ಬೆಕ್ಕು ಪೌಚನ್ನು ಮೂಸಿ, ಮಣ್ಣು ಮುಚ್ಚುವ ಹಾಗೆ ನೆಲ ಕೆರೆದು ಹೋಗುವುದುಂಟು, ಅವಮಾನ ಅಂದುಕೊಳ್ಳಬೇಡಿ. ಪೌಚನ್ನು ತೆರೆಯುವ ಮುಂಚೆ ಬಿಸಿನೀರಿನ ಲೋಟದಲ್ಲಿ ಐದು ನಿಮಿಷ ನಿಲ್ಲಿಸಿ. ಆಗತಾನೆ ಹಿಡಿದ ಇಲಿಯ ಮೈಯಷ್ಟು ಬೆಚ್ಚಗಾದರೆ ವಾಸನೆ ಏಳುತ್ತದೆ. "ಹಸಿವಾದರೆ ತಾನೇ ತಿನ್ನುತ್ತೆ" ಅಂತ ಹಟ ಹಿಡಿಯುವುದು ನಾಯಿಗೆ ನಡೆದೀತು, ಬೆಕ್ಕಿಗೆ ನಡೆಯದು. ದಪ್ಪ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಕಾಮಾಲೆಯಾಗಿ ಪ್ರಾಣಕ್ಕೇ ಬರುತ್ತದೆ. ಒಂದು ದಿನ ಪೂರ್ತಿ ಏನೂ ಮುಟ್ಟದಿದ್ದರೆ ಹಳೆಯದನ್ನೇ ಹಾಕಿ, ಮತ್ತೆ ಶುರುಮಾಡಿ.

ಸಸ್ಯಾಹಾರಿ ಮನೆಯ ಫ್ರಿಜ್ಜಿನ ರಾಜಕೀಯ ನನಗೆ ಗೊತ್ತು. ತೆರೆದ ಪೌಚನ್ನು ಹಾಲು, ಮೊಸರಿನ ಪಕ್ಕ ಇಡಲು ಎಷ್ಟೋ ಮನೆಗಳಲ್ಲಿ ಒಪ್ಪುವುದಿಲ್ಲ. ನಾನು ಎರಡು ಹೊತ್ತಿಗೆ ಎರಡು ಪೌಚು ಅಂದದ್ದಕ್ಕೆ ಇದೂ ಒಂದು ಕಾರಣ: ಪೂರ್ತಿ ಸುರಿದರೆ ಉಳಿಸುವ ಪ್ರಶ್ನೆಯೇ ಇಲ್ಲ. ಒಂದು ಗಂಟೆಯೊಳಗೆ ತಿನ್ನದೆ ಬಿಟ್ಟದ್ದನ್ನು, ಬೇಸಿಗೆಯಲ್ಲಾದರೆ ಇನ್ನೂ ಬೇಗ, ಎಸೆದುಬಿಡಿ. ಇರುವೆಗಳಿಗೆ ಅಜ್ಜಿಯ ಉಪಾಯವೇ ಸರಿ, ಅಗಲ ತಟ್ಟೆಯಲ್ಲಿ ನೀರು ಹಾಕಿ ನಡುವೆ ಬಟ್ಟಲಿಡಿ. ಇರುವೆ ಪುಡಿ ಬೆಕ್ಕು ಓಡಾಡುವ ಕಡೆ ಬೇಡ.

ಮಾಂಸಾಹಾರಿ ಮನೆಯವರೂ ಇದನ್ನು ಓದುತ್ತಿರುತ್ತಾರೆ, ಅವರಿಗೊಂದು ಮಾತು. ಧಾನ್ಯ ಇಲ್ಲದ ವೆಟ್ ಫುಡ್ ತಾನೆ, ಮನೆಯ ಮೀನೇ ಹಾಕುತ್ತೇವೆ ಅಂತ ಕರಾವಳಿಯ ಕಡೆಯವರು ಹೇಳುವುದುಂಟು. ಬಂಗುಡೆ, ಬೂತಾಯಿ ಬೇಯಿಸಿ, ಮುಳ್ಳು ತೆಗೆದು, ಆಗಾಗ ಕೊಡಿ. ಹಸಿಯಾಗಿ ದಿನವೂ ಬೇಡ. ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ1 ವಿಟಮಿನ್ ನಾಶಮಾಡುವ ಕಿಣ್ವ ಇರುತ್ತದೆ. ಕೊರತೆಯಾದ ಬೆಕ್ಕು ತಲೆ ಎತ್ತಲಾರದೆ ಗದ್ದ ಎದೆಗೆ ಒತ್ತಿಕೊಂಡು ನಡೆಯುತ್ತದೆ. ಬರೀ ಎಣ್ಣೆ ಮೀನೇ ಆದರೆ ಇ ವಿಟಮಿನ್ ಸಾಲದೆ ಮೈಯ ಕೊಬ್ಬು ಉರಿಯೂತವಾಗಿ ಮುಟ್ಟಿದರೆ ಅರಚುವಂತಾಗುತ್ತದೆ.

ಸಕ್ಕರೆ ಕಾಯಿಲೆ ಇರುವ ಬೆಕ್ಕಿಗೆ ಪಿಷ್ಟ ತೀರಾ ಕಡಿಮೆ ಇರುವ ಲೋಫ್ ನಿಜಕ್ಕೂ ಔಷಧದಷ್ಟು ಕೆಲಸ ಮಾಡುತ್ತದೆ. ಆಗಲೂ ನೋಡಬೇಕಾದ್ದು ಆ ಪಿಷ್ಟದ ಲೆಕ್ಕವನ್ನೇ. ಇನ್ಸುಲಿನ್ ನಡೆಯುತ್ತಿದ್ದರೆ ವೈದ್ಯರಿಗೆ ಹೇಳದೆ ಆಹಾರ ಬದಲಿಸಬಾರದು, ಡೋಸ್ ಹೆಚ್ಚಾಗಿ ಸಕ್ಕರೆ ಕುಸಿಯುತ್ತದೆ. ಮೂತ್ರಪಿಂಡದ ಕಾಯಿಲೆಗೆ ಬರೆದುಕೊಡುವ ಆಹಾರದಲ್ಲಿ ಅಕ್ಕಿಯೋ ಜೋಳವೋ ಇರುತ್ತದೆ ಅಂತ ಬಿಡಬೇಡಿ, ಅಲ್ಲಿ ರಂಜಕ ಕಡಿಮೆ ಇರುವುದೇ ಮುಖ್ಯ.

ಒಟ್ಟಿನಲ್ಲಿ ಈ ವಾರ ಚಿಗಟದ ಔಷಧಿ, ಮುಂದಿನ ವಾರದಿಂದ ಪೌಚು. ಎರಡನ್ನೂ ಒಂದೇ ದಿನ ಶುರುಮಾಡಿದರೆ ಕೆರೆತ ಯಾವುದರಿಂದ ನಿಂತಿತು ಅಂತ ನಿಮಗೂ ಗೊತ್ತಾಗುವುದಿಲ್ಲ, ಅಂಗಡಿಯವರು ಮಾತ್ರ ಪೌಚಿನಿಂದ ಅನ್ನುತ್ತಾರೆ. ಗುಂಡನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ಕಳೆದು ಬರೆದಿಟ್ಟುಕೊಳ್ಳಿ. ತಿಂಗಳಿಗೆ 100ರಿಂದ 200 ಗ್ರಾಂ ಇಳಿದರೆ ಸಾಕು. ಲೆಕ್ಕ ತಪ್ಪಿದರೆ ನನಗೆ ಬರೆಯಿರಿ. ಆದರೆ ಅವನು ಮರಳಿನ ಟ್ರೇಗೆ ಪದೇ ಪದೇ ಹೋಗಿ, ಮುಕ್ಕರಿದು, ಕೂಗಿ, ಹನಿಯಷ್ಟೇ ಬಿಟ್ಟು ಬಂದರೆ ಪತ್ರ ಬರೆಯುತ್ತ ಕೂರಬೇಡಿ. ರಾತ್ರಿ ಎರಡು ಗಂಟೆಯಾಗಿದ್ದರೂ ಬುಟ್ಟಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೊರಡಿ.